ಪಹಣಿಯಲ್ಲಿ ಹೆಸರಿಲ್ಲದ ದುಡಿಮೆ: ಕಾರವಾರದ ನೌಕಾನೆಲೆ ಮತ್ತು ಕಡಲತೀರದ ಹೆಂಗಸರ ಕುರಿತು ಒಂದು ಬಹಿರಂಗ ಪತ್ರ

ಕೇಂದ್ರ ಸರ್ಕಾರದ ಮಾನ್ಯ ರಕ್ಷಣಾ ಸಚಿವರಿಗೆ ಹಾಗೂ ಕರ್ನಾಟಕ ಸರ್ಕಾರದ ಮಾನ್ಯ ಕಂದಾಯ ಸಚಿವರಿಗೆ,

ಮಾನ್ಯರೇ,

ಉತ್ತರ ಕನ್ನಡದ ಕರಾವಳಿಯಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದ ಅಧ್ಯಾಪಕಿ ನಾನು. ಈ ಜಿಲ್ಲೆಯಲ್ಲಿ ‘ಸೀಬರ್ಡ್ ನಿರಾಶ್ರಿತರು’, ಅಂದರೆ ಸೀಬರ್ಡ್ ಎಂಬ ನೌಕಾನೆಲೆ ಯೋಜನೆಗಾಗಿ ಊರು ಬಿಟ್ಟವರು, ಎಂಬ ಮಾತಿಗೆ ವಿವರಣೆ ಬೇಕಿಲ್ಲ. ಕಾಲೇಜಿನ ಪ್ರವೇಶ ಅರ್ಜಿಯ ವಿಳಾಸದಲ್ಲೇ ಅದು ಗೊತ್ತಾಗುತ್ತಿತ್ತು. ಆ ಅರ್ಜಿಗಳಲ್ಲಿ ತಂದೆಯ ಉದ್ಯೋಗದ ಜಾಗದಲ್ಲಿ ಮೀನುಗಾರಿಕೆ, ಕೃಷಿ, ಕೂಲಿ ಎಂದು ಏನಾದರೊಂದು ಬರೆದಿರುತ್ತಿತ್ತು. ತಾಯಿಯ ಉದ್ಯೋಗದ ಜಾಗದಲ್ಲಿ ಹೆಚ್ಚುಕಡಿಮೆ ಎಲ್ಲರೂ ಬರೆಯುತ್ತಿದ್ದುದು ‘ಗೃಹಿಣಿ’ ಎಂದು. ಒಮ್ಮೆ ಒಬ್ಬ ವಿದ್ಯಾರ್ಥಿನಿಯನ್ನು, ನಿನ್ನ ತಾಯಿ ಮೊದಲಿನಿಂದಲೂ ಮನೆಯಲ್ಲೇ ಇದ್ದವರೇ ಎಂದು ಕೇಳಿದೆ. ‘ಇಲ್ಲ ಮೇಡಂ, ಮೊದಲು ಮೀನು ಮಾರುತ್ತಿದ್ದಳು, ಊರು ಬಿಟ್ಟ ಮೇಲೆ ಮನೆಯಲ್ಲಿದ್ದಾಳೆ’ ಎಂದಳು. ಸೇನಾ ಯೋಜನೆಗಾಗಿ ಭೂಮಿ ತೆಗೆದುಕೊಂಡಾಗ ಹೆಂಗಸರ ದುಡಿಮೆ ಯಾವ ಲೆಕ್ಕಕ್ಕೂ ಬಾರದೆ ಹೇಗೆ ಇಲ್ಲವಾಗುತ್ತದೆ ಎಂಬುದನ್ನು ಆ ಹುಡುಗಿ ಒಂದೇ ವಾಕ್ಯದಲ್ಲಿ ಹೇಳಿದ್ದಳು, ಮತ್ತು ಈ ಪತ್ರದಲ್ಲಿ ನಾನು ನಿಮ್ಮ ಮುಂದಿಡುವ ವಿಷಯವೂ ಅದೇ.

ದೇಶಕ್ಕೆ ನೌಕಾನೆಲೆ ಬೇಡವೆಂದು ನಾನು ವಾದಿಸುತ್ತಿಲ್ಲ. ಊರು ಬಿಟ್ಟುಕೊಟ್ಟ ಕುಟುಂಬಗಳಲ್ಲೂ ಹಾಗೆ ಹೇಳಿದವರನ್ನು ನಾನು ಕಂಡದ್ದು ಕಡಿಮೆ. ಅವರ ಪ್ರಶ್ನೆ, ಕೊಟ್ಟದ್ದನ್ನು ಪೂರ್ತಿಯಾಗಿ ಎಣಿಸಿದಿರಾ ಎಂಬುದು.

1986ರ ಅಕ್ಟೋಬರ್‌ನಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಕಾರವಾರದಲ್ಲಿ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ಹಣದ ಕೊರತೆಯಿಂದ ಕೆಲಸ ವರ್ಷಗಟ್ಟಲೆ ಕುಂಟಿತು, ಆದರೆ ಭೂಸ್ವಾಧೀನದ ನೋಟಿಸಿನ ನೆರಳಿನಲ್ಲಿ ಊರುಗಳು ಆ ಅಷ್ಟೂ ವರ್ಷ ಹೊಸ ಮನೆ ಕಟ್ಟಲಾಗದೆ, ಇದ್ದ ಮನೆ ಬಿಡಲಾಗದೆ ಕಳೆದವು. ಕಾರವಾರ ಮತ್ತು ಅಂಕೋಲಾ ತಾಲೂಕುಗಳ 13 ಹಳ್ಳಿಗಳಿಂದ 11,000 ಎಕರೆಗೂ ಹೆಚ್ಚು ಭೂಮಿ ಹೋಯಿತು. 4,000ಕ್ಕೂ ಹೆಚ್ಚು ಕುಟುಂಬಗಳು 1990ರ ದಶಕದ ಕೊನೆಯ ಹೊತ್ತಿಗೆ ಎದ್ದು ಹೊರಟವು. 2005ರ ಮೇ 31ರಂದು ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಉದ್ಘಾಟನೆಯಾಯಿತು. ಇಂದು ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ತಂಗುದಾಣ ಅದು, ಮತ್ತು ಎರಡನೇ ಹಂತದ ವಿಸ್ತರಣೆ ಅಲ್ಲಿ ಸಾಗಿದೆ.

ಆ ಹಳ್ಳಿಗಳಲ್ಲಿ ಹೆಂಗಸರು ಏನು ಮಾಡುತ್ತಿದ್ದರು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಆ ವಿವರ ಯಾವ ಕಡತದಲ್ಲೂ ಸೇರಲಿಲ್ಲ. ಹರಿಕಂತ್ರ, ಖಾರ್ವಿ, ಗಾಬಿತ, ಅಂಬಿಗ ಸಮುದಾಯಗಳಲ್ಲಿ ಕಡಲಿಗಿಳಿದು ಮೀನು ಹಿಡಿಯುವುದು ಗಂಡಸರ ಕೆಲಸವಾದರೆ, ಆ ಮೀನು ದಡಕ್ಕೆ ಬಂದ ಗಳಿಗೆಯಿಂದ ಅದನ್ನು ದುಡ್ಡಾಗಿಸುವುದು ಹೆಂಗಸರ ಕೆಲಸ. ದೋಣಿ ದಡ ಮುಟ್ಟುವ ಮೊದಲೇ ಬುಟ್ಟಿ ಹಿಡಿದು ನಿಂತಿರುತ್ತಿದ್ದವರು ಅವರು. ಹರಾಜಿನಲ್ಲಿ ಕೂಗಿ ಕೊಳ್ಳುತ್ತಿದ್ದವರು, ಎಷ್ಟೋ ಸಲ ಸಾಲವಾಗಿ ಕೊಂಡು ಸಂಜೆ ಮಾರಿ ಬಂದ ಮೇಲೆ ತೀರಿಸುತ್ತಿದ್ದವರು. ಒಬ್ಬೊಬ್ಬಳಿಗೂ ವರ್ತನೆಯ ಮನೆಗಳಿದ್ದವು, ಅಂದರೆ ಕಾಯಂ ಆಗಿ ಅವಳಿಂದಲೇ ಕೊಳ್ಳುವ ಮನೆಗಳು. ಯಾವ ಮನೆಯಲ್ಲಿ ಬಂಗುಡೆ ಬೇಕು, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ಸೋಮವಾರ ಮೀನು ತಿನ್ನುವುದಿಲ್ಲ, ಯಾರು ತಿಂಗಳ ಕೊನೆಗೆ ದುಡ್ಡು ಕೊಡುವವರು ಎಂಬುದೆಲ್ಲ ಅವಳ ನೆನಪಿನಲ್ಲೇ ಇರುತ್ತಿತ್ತು. ಆ ನೆನಪೇ ಅವಳ ಬಂಡವಾಳವಾಗಿತ್ತು.

ಹರಾಜಿನಲ್ಲಿ ಉಳಿದ ತಾರ್ಲೆ, ಸಣ್ಣ ಬಂಗುಡೆ, ಸಿಗಡಿಗಳನ್ನು ತೊಳೆದು, ಉಪ್ಪು ಹಾಕಿ, ಮರಳಿನ ಮೇಲೆ ಹಳೆಯ ಬಲೆ ಹಾಸಿ ಹರಡುತ್ತಿದ್ದರು. ಬಿಸಿಲೇರಿದಾಗ ಒಮ್ಮೆ, ಇಳಿಯುವಾಗ ಒಮ್ಮೆ ಮಗುಚಬೇಕು. ಕಾಗೆ, ನಾಯಿಗಳಿಂದ ಕಾಯಬೇಕು. ಇಬ್ಬನಿ ಬೀಳುವ ಮುನ್ನ ಬಾಚಿ ಒಳಗಿಡಬೇಕು. ಮನೆಯ ಹೆಣ್ಣುಮಕ್ಕಳೆಲ್ಲ ಸರದಿಯಲ್ಲಿ ಮಾಡುತ್ತಿದ್ದ ಈ ಕೆಲಸದ ಬೆಲೆ ತಿಳಿಯುತ್ತಿದ್ದುದು ಮಳೆಗಾಲದಲ್ಲಿ. ಕಡಲು ಮುನಿದು ದೋಣಿಗಳು ದಡ ಸೇರಿದ ಮೇಲೆ ಮನೆ ನಡೆಯುತ್ತಿದ್ದುದು ಒಣಮೀನು ಮಾರಿದ ದುಡ್ಡಿನಿಂದ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನಗಳ ನಿಷೇಧವಿರುವಾಗ ಒಣಮೀನಿಗೇ ಬೇಡಿಕೆ. ಆದರೆ ಮೀನು ಒಣಗಿಸಲು ಮರಳದಂಡೆ ಬೇಕು, ಮತ್ತು ಅದು ಯಾರ ಹೆಸರಿನಲ್ಲೂ ಇರದೆ ಎಲ್ಲರ ಬಳಕೆಗೂ ಇದ್ದ ಜಾಗ.

ದಂಡೆಯಿಂದ ಒಳಗಿನ ಕೇರಿಗಳಲ್ಲಿ ಹಾಲಕ್ಕಿ ಒಕ್ಕಲಿಗರ ಹೆಂಗಸರು ಹರಿವೆ, ಬಸಳೆ, ಗೆಣಸು, ಮೊಗೆಕಾಯಿ ಬೆಳೆದು ತಲೆಹೊರೆಯಲ್ಲಿ ಪೇಟೆಗೆ ಒಯ್ಯುತ್ತಿದ್ದರು. ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ತೇವದಲ್ಲಿ ಬೆಳೆಯುತ್ತಿದ್ದ ಆ ತರಕಾರಿಯ ದುಡ್ಡು ಹೆಂಗಸರ ಕೈಯಲ್ಲೇ ಉಳಿಯುತ್ತಿತ್ತು. ಗದ್ದೆ ಗಂಡನ ಹೆಸರಿನಲ್ಲಿದ್ದರೂ ಸೊಪ್ಪಿನ ಮಡಿಯ ಲೆಕ್ಕ ಹೆಂಡತಿಯದಾಗಿತ್ತು.

ಸರ್ಕಾರ ಕೇಳಿದ್ದು ಪಹಣಿಯನ್ನು. ಅಂದು ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯ ಕಣ್ಣಿಗೆ ಕಾಣುತ್ತಿದ್ದುದು ಭೂಮಿಯ ಹಕ್ಕುದಾರ ಮಾತ್ರ: ಮಾರುಕಟ್ಟೆ ಬೆಲೆ, ಅದರ ಮೇಲೆ ಶೇ 30ರಷ್ಟು ಸೊಲೇಷಿಯಂ (ಒತ್ತಾಯದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಮೊತ್ತ), ಮನೆ ಮತ್ತು ಮರಗಳ ಬೆಲೆ. ಪಹಣಿಯ 9ನೇ ಕಾಲಮ್ಮಿನಲ್ಲಿ ಮಾಲೀಕನ ಹೆಸರು, 12ನೆಯದರಲ್ಲಿ ಸಾಗುವಳಿದಾರನ ಹೆಸರು. ಮೀನು ಒಣಗಿಸುವವಳಿಗೆ, ಸೊಪ್ಪು ಮಾರುವವಳಿಗೆ ಕಾಲಮ್ಮೇ ಇರಲಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟ ರಾಜ್ಯದ ತಿದ್ದುಪಡಿ 1994ರದ್ದು, ಅದೂ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ಆ ತಾರತಮ್ಯ ಹೋದದ್ದು 2005ರ ಕೇಂದ್ರದ ತಿದ್ದುಪಡಿಯಿಂದ. ಹಾಗಾಗಿ ಸೀಬರ್ಡ್ ಭೂಮಿಯ ಲೆಕ್ಕ ಬರೆಯುವ ಕಾಲಕ್ಕೆ ಖಾತೆಯಲ್ಲಿ ಹೆಂಗಸಿನ ಹೆಸರಿದ್ದುದು ಅಪರೂಪ, ಇದ್ದರೂ ಹೆಚ್ಚಾಗಿ ವಿಧವೆಯದು. ಪರಿಹಾರದ ಚೆಕ್ಕು ಗಂಡಸಿನ ಹೆಸರಿಗೆ ಬಂತು, ಹೆಚ್ಚಿನ ಪರಿಹಾರಕ್ಕಾಗಿ ನ್ಯಾಯಾಲಯಗಳಲ್ಲಿ ದಶಕಗಟ್ಟಲೆ ನಡೆದ ಪ್ರಕರಣಗಳಲ್ಲೂ ಅರ್ಜಿದಾರರು ಹೆಚ್ಚಾಗಿ ಗಂಡಸರೇ. ಆ ಹೋರಾಟ ನ್ಯಾಯವಾದದ್ದು. ಆದರೆ ಅದು ಗುಂಟೆಯ ಬೆಲೆಯ ಹೋರಾಟವಾಗಿತ್ತು. ಹರಾಜಿನ ಜಾಗ, ಒಣಗಿಸುವ ಮರಳು, ವರ್ತನೆಯ ಮನೆಗಳು, ತಲೆಹೊರೆಯಲ್ಲಿ ನಡೆದು ಮುಟ್ಟಬಹುದಾಗಿದ್ದ ಪೇಟೆ, ಇವುಗಳ ಬೆಲೆಯನ್ನು ಯಾವ ನ್ಯಾಯಾಲಯದ ಮುಂದೂ ಯಾರೂ ಕೇಳಲಿಲ್ಲ.

ಪುನರ್ವಸತಿ ಕಾಲೊನಿಗಳಲ್ಲಿ ನಿವೇಶನ, ರಸ್ತೆ, ಶಾಲೆ ಬಂದವು, ಮುದಗಾದಲ್ಲಿ ಮೀನುಗಾರಿಕಾ ಬಂದರು ಆಯಿತು. ಇವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹತ್ತು ಹೆಜ್ಜೆಯಲ್ಲಿದ್ದ ದಂಡೆ ದೂರವಾದಾಗ ಗಂಡಸಿಗೂ ಹೆಂಗಸಿಗೂ ಆಗುವ ನಷ್ಟ ಒಂದೇ ಅಲ್ಲ. ದೋಣಿಯವನು ಬೆಳಗಿನ ಜಾವ ಬೈಕಿನಲ್ಲಿ ಬಂದರಿಗೆ ಹೋಗಬಲ್ಲ, ಇಲ್ಲವೇ ಗೋವಾದ ದೋಣಿಗಳಿಗೆ ಕೂಲಿಯಾಗಿ ಹೋಗಬಲ್ಲ. ಮನೆಯಲ್ಲಿ ಮಕ್ಕಳನ್ನೂ ವಯಸ್ಸಾದವರನ್ನೂ ಬಿಟ್ಟು ಹೊರಡಬೇಕಾದ ಹೆಂಗಸಿಗೆ, ಮೊದಲು ಅಡುಗೆಯ ನಡುವೆಯೇ ಓಡಿ ಮುಗಿಸಿ ಬರುತ್ತಿದ್ದ ಕೆಲಸ ಈಗ ಅರ್ಧ ದಿನದ ಪ್ರಯಾಣವಾಯಿತು. ನೀರು ಸೋರುವ ಮೀನಿನ ಬುಟ್ಟಿಯನ್ನು ಬಸ್ಸಿಗೆ ಹತ್ತಿಸಲು ಒಪ್ಪುವವರು ಕಡಿಮೆ. ರಿಕ್ಷಾ ಮಾಡಿದರೆ ಲಾಭದ ಅರ್ಧ ಬಾಡಿಗೆಗೇ ಹೋಗುತ್ತದೆ. ನಾಲ್ಕು ಜನ ಸೇರಿ ಟೆಂಪೋ ಮಾಡಿಕೊಂಡವರು ವ್ಯಾಪಾರ ಉಳಿಸಿಕೊಂಡರು, ಉಳಿದವರು ಒಂದೆರಡು ವರ್ಷ ಹೆಣಗಿ ಬುಟ್ಟಿಯನ್ನು ಅಟ್ಟಕ್ಕೆ ಹಾಕಿದರು. ನನ್ನ ವಿದ್ಯಾರ್ಥಿನಿಯ ತಾಯಿ ಹಾಗೆ ‘ಗೃಹಿಣಿ’ಯಾದವರು.

ನೆಲೆಯೊಳಗೆ ಉದ್ಯೋಗವಿಲ್ಲವೇ ಎಂದು ನೀವು ಕೇಳಬಹುದು. ಸೀಬರ್ಡ್ ಎರಡನೇ ಹಂತದ ಕಾಮಗಾರಿಯಿಂದ ಸುಮಾರು 7,000 ನೇರ ಹಾಗೂ 20,000 ಪರೋಕ್ಷ ಉದ್ಯೋಗ ದೊರೆಯುತ್ತಿದೆ ಎಂದು ಸರ್ಕಾರವೇ ಹೇಳಿದೆ. ಆ ಅಂಕಿಯನ್ನು ನಾನು ಅಲ್ಲಗಳೆಯುವುದಿಲ್ಲ, ಅದನ್ನು ಒಡೆದು ತೋರಿಸಿ ಎಂದು ಮಾತ್ರ ಕೇಳುತ್ತೇನೆ. ಅದರಲ್ಲಿ ಹೆಂಗಸರೆಷ್ಟು, ಹೆಂಗಸರಲ್ಲಿ ಕಾಯಂ ನೌಕರರೆಷ್ಟು, ಗುತ್ತಿಗೆದಾರನ ಕೈಕೆಳಗೆ ಗುಡಿಸಿ ಒರೆಸುವವರೆಷ್ಟು? ಸೇನೆಯ ಸುತ್ತಲಿನ ಉದ್ಯೋಗಕ್ಕೆ ಅದರದೇ ಆದ ಒಂದು ಸೋಸುವಿಕೆ ಇದೆ. ನೌಕೆ ದುರಸ್ತಿ ಅಂಗಳದ ನಾಗರಿಕ ಹುದ್ದೆಗೆ ಐಟಿಐ ಪ್ರಮಾಣಪತ್ರ ಬೇಕು, ಅದರಲ್ಲೂ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ನಂಥ ವಿಭಾಗಗಳದ್ದು. ಆ ತರಗತಿಗಳಲ್ಲಿ ಹುಡುಗಿಯರನ್ನು ಬೆರಳಲ್ಲಿ ಎಣಿಸಬಹುದು, ಹುದ್ದೆಯ ಹೆಸರೇ ‘ಟ್ರೇಡ್ಸ್‌ಮನ್’. ಕೇಂದ್ರ ಸರ್ಕಾರದ ಕೆಳದರ್ಜೆಯ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ ಇದೆ. ದೇಶ ಕಾಯ್ದವರಿಗೆ ಅದು ಸಲ್ಲಬೇಕಾದದ್ದೇ. ಆದರೆ ಸಿಪಾಯಿ, ನಾವಿಕರಾಗಿ ಹೆಂಗಸರನ್ನು ತೆಗೆದುಕೊಳ್ಳಲು ಶುರುಮಾಡಿದ್ದೇ ಇತ್ತೀಚೆಗಾದ್ದರಿಂದ, ಮಾಜಿ ಸೈನಿಕ ಎಂದರೆ ಇವತ್ತಿಗೆ ಬಹುತೇಕ ಗಂಡಸು. ಯಾವ ನಿಯಮದಲ್ಲೂ ‘ಹೆಂಗಸರಿಗೆ ಇಲ್ಲ’ ಎಂದು ಬರೆದಿಲ್ಲ. ಬರೆಯದಿದ್ದರೂ, ಹೀಗೆ ಒಂದರ ಮೇಲೊಂದು ಜರಡಿ ಹಿಡಿದರೆ ಕೊನೆಗೆ ಹೆಂಗಸರಿಗೆ ಉಳಿಯುವುದು ಕಸಬರಿಗೆ ಮತ್ತು ಮನೆಗೆಲಸ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಗುಡಿಸುವ ಕೆಲಸ ಕೀಳೆಂದು ನಾನು ಹೇಳುವುದಿಲ್ಲ, ತಿಂಗಳಿಗೊಮ್ಮೆ ಗೊತ್ತಾದ ಸಂಬಳ ಬರುವುದು ಸಣ್ಣ ಸಂಗತಿಯೂ ಅಲ್ಲ. ಆದರೆ ಮೀನು ಮಾರುವವಳು ತನ್ನ ದರವನ್ನು ತಾನೇ ಹೇಳುತ್ತಿದ್ದಳು. ಸೊಂಟದ ಸಂಚಿಯಲ್ಲಿದ್ದ ದುಡ್ಡು ಎಷ್ಟೆಂದು ಮನೆಯಲ್ಲಿ ಅವಳಿಗೊಬ್ಬಳಿಗೇ ಗೊತ್ತಿರುತ್ತಿತ್ತು. ಮಗಳ ಫೀಸು, ಗಂಡನ ಬಲೆಯ ರಿಪೇರಿ, ನೆಂಟರ ಮದುವೆಯ ಮುಯ್ಯಿ ಎಲ್ಲವೂ ಆ ಸಂಚಿಯಿಂದ ಹೊರಡುತ್ತಿದ್ದವು, ಮತ್ತು ಅದಕ್ಕೆ ತಕ್ಕಂತೆ ಮನೆಯ ತೀರ್ಮಾನಗಳಲ್ಲಿ ಅವಳ ಮಾತು ನಡೆಯುತ್ತಿತ್ತು. ಇಂದು ಅವಳ ಸೊಸೆ ಗೇಟ್ ಪಾಸ್ ತೋರಿಸಿ ಒಳಗೆ ಹೋಗುತ್ತಾಳೆ. ಗುತ್ತಿಗೆ ಬದಲಾದರೆ ಪಾಸ್ ಹೋಗುತ್ತದೆ, ಪಾಸ್ ಹೋದರೆ ಕೆಲಸ ಹೋಗುತ್ತದೆ. ಪರಿಹಾರದ ಹಣ ಒಟ್ಟಿಗೆ ಬಂದಾಗ ಅದನ್ನು ಮನೆ ಕಟ್ಟಲು, ವಾಹನ ಕೊಳ್ಳಲು, ಕೆಲವೆಡೆ ಕುಡಿತಕ್ಕೆ ಖರ್ಚು ಮಾಡುವ ನಿರ್ಧಾರ ಗಂಡಸರದಾಗಿತ್ತು. ಕುಟುಂಬಕ್ಕೆ ನಷ್ಟ ತುಂಬಿಕೊಟ್ಟೆವೆಂದು ಸರ್ಕಾರ ಭಾವಿಸಿದಾಗ, ಕುಟುಂಬದೊಳಗೇ ಹಣದ ಹಿಡಿತ ಒಂದು ಕೈಯಿಂದ ಇನ್ನೊಂದು ಕೈಗೆ ಹೋದದ್ದನ್ನು ಅದು ನೋಡಲಿಲ್ಲ.

ಇದು ಕಡಲತೀರದ ಕಥೆ ಮಾತ್ರವಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲನ್ನು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಮತ್ತು ಇತರ ಸಂಸ್ಥೆಗಳಿಗೆ ಕೊಡಲಾಯಿತು. 2017ರಲ್ಲಿ ಅಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಗೋಡೆ ಎದ್ದ ಮೇಲೆ ಕುರಿಗಳಿಗೆ ಮೇವು ಕಡಿಮೆಯಾಯಿತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕುರಿ ಕಡಿಮೆಯಾದರೆ ಉಣ್ಣೆ ಕಡಿಮೆ. ಉಣ್ಣೆ ಬಿಡಿಸಿ ನೂಲು ತೆಗೆಯುವವರು, ಹುಣಸೆಬೀಜದ ಅಂಬಲಿ ಕಾಯಿಸಿ ಹಾಸಿನ ನೂಲಿಗೆ ಹಚ್ಚಿ ಗಟ್ಟಿ ಮಾಡುವವರು ಹೆಂಗಸರು. ಮಗ್ಗದ ಮುಂದೆ ಕೂರುವ ಗಂಡಸನ್ನು ನೇಕಾರನೆಂದು ಯಾವುದೋ ಯೋಜನೆ ಗುರುತಿಸಬಹುದು, ನೂಲು ತೆಗೆದವಳಿಗೆ ಆ ಗುರುತೂ ಇಲ್ಲ. ಕಾವಲು ಗೋಮಾಳದಂತೆ ಎಲ್ಲರ ಬಳಕೆಯ ನೆಲ, ಮರಳದಂಡೆಯೂ ಹಾಗೆಯೇ. ಸೇನಾ ಯೋಜನೆಗಳಿಗೆ ‘ಖಾಲಿ ಜಾಗ’ ಎಂದು ಮೊದಲು ಕಾಣುವುದು ಇಂಥ ನೆಲ, ಮತ್ತು ಸ್ವಂತ ಆಸ್ತಿ ಇಲ್ಲದ ಹೆಂಗಸು ಬದುಕು ಕಟ್ಟಿಕೊಂಡಿರುವುದೂ ಇಂಥ ನೆಲದ ಮೇಲೇ.

ಸೇನೆಯೊಳಗೆ ಹೆಂಗಸರಿಗೆ ಬಾಗಿಲು ತೆರೆದಿರುವುದನ್ನು ನಾನು ಹೆಮ್ಮೆಯಿಂದ ನೋಡಿದ್ದೇನೆ. 2020ರಲ್ಲಿ ಸುಪ್ರೀಂ ಕೋರ್ಟ್ ಭೂಸೇನೆಯಲ್ಲೂ, ಮರುತಿಂಗಳೇ ನೌಕಾಪಡೆಯಲ್ಲೂ ಮಹಿಳಾ ಅಧಿಕಾರಿಗಳಿಗೆ ಕಾಯಂ ಸೇವೆಯ ಹಕ್ಕನ್ನು ಎತ್ತಿಹಿಡಿಯಿತು. ನೌಕಾಪಡೆಯ ಆರು ಮಹಿಳೆಯರು ತಾರಿಣಿ ಎಂಬ ಹಾಯಿದೋಣಿಯಲ್ಲಿ 2017–18ರಲ್ಲಿ ಭೂಮಿಯನ್ನು ಸುತ್ತಿ ಬಂದಾಗ ನಮ್ಮ ಕಾಲೇಜಿನ ಹುಡುಗಿಯರು ಆ ಚಿತ್ರವನ್ನು ಸೂಚನಾಫಲಕಕ್ಕೆ ಅಂಟಿಸಿದ್ದರು. ಆದರೆ ಸಮವಸ್ತ್ರ ತೊಟ್ಟ ಹೆಂಗಸರ ಸಂಖ್ಯೆ ಹೆಚ್ಚಿತೆಂಬುದು, ಸಮವಸ್ತ್ರದ ಬೇಲಿಯಾಚೆ ಕೆಲಸ ಕಳೆದುಕೊಂಡ ಹೆಂಗಸರ ಲೆಕ್ಕಕ್ಕೆ ಉತ್ತರವಾಗುವುದಿಲ್ಲ. ಎರಡನ್ನೂ ಕೇಳುವ ಹಕ್ಕು ನಮಗಿದೆ.

2013ರ ಭೂಸ್ವಾಧೀನ ಕಾಯ್ದೆ ಹಳೆಯ ಕಾಯ್ದೆಗಿಂತ ಎಷ್ಟೋ ಮುಂದಿದೆ. ವಿಧವೆಯರನ್ನೂ, ವಿಚ್ಛೇದಿತರನ್ನೂ, ಮನೆಯವರು ಕೈಬಿಟ್ಟ ಹೆಂಗಸರನ್ನೂ ಅದು ಪ್ರತ್ಯೇಕ ಕುಟುಂಬವೆಂದು ಪರಿಗಣಿಸುತ್ತದೆ. ಭೂಮಿ ಇಲ್ಲದಿದ್ದರೂ ಮೂರು ವರ್ಷಗಳಿಂದ ನೀರನ್ನು ನಂಬಿ ಬದುಕಿದ ಮೀನುಗಾರರನ್ನು ಬಾಧಿತರೆಂದು ಒಪ್ಪುತ್ತದೆ. ಆದರೂ ಅದರ ಎರಡನೇ ಅನುಸೂಚಿಯಲ್ಲಿ ಉದ್ಯೋಗದ ಭರವಸೆ ಇರುವುದು ಕುಟುಂಬಕ್ಕೆ ಕನಿಷ್ಠ ಒಬ್ಬರಿಗೆ. ಅದಿಲ್ಲವಾದರೆ ಒಮ್ಮೆಗೆ 5 ಲಕ್ಷ ರೂಪಾಯಿ, ಅಥವಾ 20 ವರ್ಷ ತಿಂಗಳಿಗೆ 2,000 ರೂಪಾಯಿಗೆ ಕಡಿಮೆಯಿಲ್ಲದ ಮೊತ್ತ. ನಮ್ಮ ಮನೆಗಳಲ್ಲಿ ಆ ‘ಒಬ್ಬರು’ ಯಾರಾಗುತ್ತಾರೆ ಎಂಬುದು ನಿಮಗೂ ಗೊತ್ತು. ಜಲಾಶಯ ಕಟ್ಟಿದರೆ ಸಂತ್ರಸ್ತರಿಗೆ ಅದರಲ್ಲಿ ಮೀನು ಹಿಡಿಯುವ ಹಕ್ಕು ಕೊಡಬಹುದೆಂದು ಆ ಅನುಸೂಚಿ ಹೇಳುತ್ತದೆ. ರಕ್ಷಣೆಗಾಗಿ ದಂಡೆ ಮುಚ್ಚಿದರೆ ಏನು ಮಾಡಬೇಕೆಂಬುದಕ್ಕೆ ಅಂಥದೊಂದು ಸಾಲು ಅದರಲ್ಲಿಲ್ಲ. ಇನ್ನು, ಯಾರ ಬದುಕು ಏನಾಗುತ್ತದೆಂದು ಮೊದಲೇ ಕೇಳಿ ತಿಳಿಯುವ ಸಾಮಾಜಿಕ ಪರಿಣಾಮದ ಅಧ್ಯಯನವನ್ನು, ತುರ್ತು ಎಂದು ಘೋಷಿಸಿದರೆ, ರಕ್ಷಣಾ ಯೋಜನೆಗೆ ಬಿಟ್ಟುಬಿಡಬಹುದು. 2019ರ ರಾಜ್ಯದ ತಿದ್ದುಪಡಿ ಈ ವಿನಾಯಿತಿಯನ್ನು ಮತ್ತಷ್ಟು ಸುಲಭಗೊಳಿಸಿದೆ. ಹೆಂಗಸರ ದುಡಿಮೆ ಕಡತಕ್ಕೆ ಬರಬಹುದಾಗಿದ್ದ ಏಕೈಕ ಬಾಗಿಲು ಅದು, ಮತ್ತು ಸೇನಾ ಯೋಜನೆಗಳ ಮಟ್ಟಿಗೆ ಮುಚ್ಚಿಕೊಳ್ಳುತ್ತಿರುವುದೂ ಅದೇ.

ಈಗ ಅಂಕೋಲಾ ತಾಲೂಕಿನ ಅಲಗೇರಿ ಸುತ್ತಮುತ್ತ ನೌಕಾ ವಿಮಾನ ನಿಲ್ದಾಣಕ್ಕಾಗಿ ಭೂಮಿಯ ಮಾತು ನಡೆದಿದೆ. ಮೊದಲ ಸಲ ಸೀಬರ್ಡ್‌ಗೆ ಭೂಮಿ ಕೊಟ್ಟ ತಾಲೂಕೇ ಮತ್ತೊಮ್ಮೆ ಕೊಡಬೇಕಾಗಿದೆ. ಹಾಗಾಗಿ ನನ್ನ ಕೋರಿಕೆಗಳು ಹಿಂದಿನದಕ್ಕೂ ಮುಂದಿನದಕ್ಕೂ ಸೇರಿವೆ.

ಕಂದಾಯ ಸಚಿವರಲ್ಲಿ ನನ್ನ ವಿನಂತಿ: ವಿನಾಯಿತಿಯ ಅವಕಾಶ ಕಾನೂನಿನಲ್ಲಿದ್ದರೂ ಅದನ್ನು ಬಳಸದೆ, ಅಲಗೇರಿಯಲ್ಲಿ ಹದಿನೆಂಟು ತುಂಬಿದ ಪ್ರತಿಯೊಬ್ಬ ಹೆಂಗಸಿನ ದುಡಿಮೆಯನ್ನು ಅವಳ ಹೆಸರಿನಲ್ಲೇ ದಾಖಲಿಸಿರಿ. ‘ಗೃಹಿಣಿ’ ಎಂಬ ಉತ್ತರಕ್ಕೆ ನಿಲ್ಲದೆ, ವರ್ಷದ ಯಾವ ತಿಂಗಳಲ್ಲಿ ಏನು ಬೆಳೆಯುತ್ತಾಳೆ, ಏನು ಮಾರುತ್ತಾಳೆ, ಎಲ್ಲಿಗೆ ಒಯ್ಯುತ್ತಾಳೆ, ಕೈಗೆಷ್ಟು ಬರುತ್ತದೆ ಎಂದು ಕೇಳಿಸಿರಿ. ಪರಿಹಾರವನ್ನು ಗಂಡ–ಹೆಂಡತಿಯ ಜಂಟಿ ಖಾತೆಗೆ ಹಾಕಿಸಿರಿ, ಅವಳದೇ ದುಡಿಮೆಯ ನಷ್ಟಕ್ಕೆ ಅವಳದೇ ಖಾತೆಗೆ ಕೊಡಿಸಿರಿ. ಸೀಬರ್ಡ್ ಕಾಲೊನಿಗಳಲ್ಲಿ ಇಂದಿಗೂ ಮೀನಿನ ವ್ಯಾಪಾರ ಬಲ್ಲ ನಲವತ್ತು–ಐವತ್ತರ ಹೆಂಗಸರಿದ್ದಾರೆ. ಅವರಿಗಾಗಿ ದಂಡೆಯ ಬಳಿ ಕಟ್ಟೆ, ನೀರು, ಮಾಡು ಇರುವ ಮೀನು ಒಣಗಿಸುವ ಅಂಗಳವನ್ನೂ ಬಂದರಿನಿಂದ ಪೇಟೆಗೆ ಬುಟ್ಟಿ ಸಾಗಿಸುವ ವಾಹನವನ್ನೂ ಮೀನುಗಾರಿಕೆ ಇಲಾಖೆಯ ಮೂಲಕ ಒದಗಿಸುವುದು ದೊಡ್ಡ ಖರ್ಚಿನ ಮಾತಲ್ಲ.

ರಕ್ಷಣಾ ಸಚಿವರಲ್ಲಿ ನನ್ನ ವಿನಂತಿ: ಉದ್ಯೋಗದ ಅಂಕಿಗಳನ್ನು ಹೆಣ್ಣು–ಗಂಡು, ಕಾಯಂ–ಗುತ್ತಿಗೆ, ನಿರಾಶ್ರಿತ ಕುಟುಂಬ–ಹೊರಗಿನವರು ಎಂದು ಬಿಡಿಸಿ ಪ್ರಕಟಿಸಿರಿ. ದುರಸ್ತಿ ಅಂಗಳದ ಅಪ್ರೆಂಟಿಸ್ ತರಬೇತಿಯಲ್ಲಿ ನಿರಾಶ್ರಿತ ಕುಟುಂಬಗಳ ಹೆಣ್ಣುಮಕ್ಕಳಿಗಾಗಿ ಜಾಗ ಕಾದಿರಿಸಿರಿ. ಸಾವಿರಾರು ಜನರಿರುವ ನೆಲೆಗೆ ದಿನವೂ ಮೀನು ಬೇಕು, ಸೊಪ್ಪು ಬೇಕು, ತೆಂಗಿನಕಾಯಿ ಬೇಕು. ಇವನ್ನು ಹಿಡಿದು, ಬೆಳೆದು, ಮಾರಿ ಬದುಕಿದವರ ಊರಿನ ಮೇಲೇ ಆ ನೆಲೆ ನಿಂತಿದೆ. ಆ ಖರೀದಿಯಲ್ಲಿ ಒಂದು ಪಾಲನ್ನು ಕಾಲೊನಿಗಳ ಮಹಿಳಾ ಸ್ವಸಹಾಯ ಸಂಘಗಳಿಂದಲೇ ಮಾಡಬೇಕೆಂದು ಆದೇಶಿಸಿದರೆ ದೇಶದ ಭದ್ರತೆಗೆ ಯಾವ ತೊಡಕೂ ಇಲ್ಲ, ಮತ್ತು ಕೆಲವು ನೂರು ಹೆಂಗಸರ ಕೈಯಲ್ಲಿ ಮತ್ತೆ ಅವರದೇ ದುಡ್ಡು ಓಡಾಡುತ್ತದೆ.

ಕೊನೆಯದಾಗಿ, ಸಮೀಕ್ಷೆಗೆ ಬರುವ ಸಿಬ್ಬಂದಿಗೆ ದಯವಿಟ್ಟು ಒಂದು ಸೂಚನೆ ಕೊಡಿಸಿರಿ. ಬೆಳಿಗ್ಗೆ ಹನ್ನೊಂದು ಗಂಟೆಗೆ ಬಂದರೆ ಮನೆಯ ಜಗಲಿಯಲ್ಲಿ ಸಿಗುವವರು ಗಂಡಸರು, ಮತ್ತು ಅವರು ಕೊಡುವ ಉತ್ತರವೇ ಮನೆಯವರೆಲ್ಲರ ಉತ್ತರವಾಗಿ ದಾಖಲಾಗುತ್ತದೆ. ಆ ಹೊತ್ತಿನಲ್ಲಿ ಹೆಂಗಸರು ಅಂಕೋಲಾ ಪೇಟೆಯಲ್ಲಿ ಸೊಪ್ಪಿನ ಮುಂದೆ ಕುಳಿತಿರುತ್ತಾರೆ. ಸಂಜೆ ಐದರ ನಂತರ ಬನ್ನಿರಿ, ಜೊತೆಗೆ ಒಬ್ಬ ಮಹಿಳಾ ಸಿಬ್ಬಂದಿಯನ್ನು ಕರೆತನ್ನಿರಿ. ಇಲ್ಲವೇ ನೇರವಾಗಿ ಪೇಟೆಗೇ ಹೋಗಿ, ಬುಟ್ಟಿಯ ಪಕ್ಕ ಕುಳಿತು, ಕೇಳಿ ಬರೆದುಕೊಳ್ಳಿರಿ.

ಇಂತಿ ತಮ್ಮ ವಿಶ್ವಾಸಿ,
ಉತ್ತರ ಕನ್ನಡದ ಒಬ್ಬ ನಿವೃತ್ತ ಅಧ್ಯಾಪಕಿ